ಮೂಳೆಗೊಂದು ಜೀವಂತ ಹೊದಿಕೆ

ದೇಹದ ಉದ್ದನೆಯ ಮೂಳೆಗಳಲ್ಲಿ ಬಹುಪಾಲು ದಪ್ಪ ಮಾಂಸದ ನಡುವೆ ಹುದುಗಿಕೊಂಡಿದ್ದರೆ, ಮೊಣಕಾಲಿನಿಂದ ಪಾದದ ಗಿಣ್ಣಿನವರೆಗೆ ಇಳಿಯುವ ಜಂಘಾಸ್ಥಿಯ ಮುಂಭಾಗ ಮತ್ತು ಒಳಮಗ್ಗುಲು ಮಾತ್ರ ಬರಿಯ ಚರ್ಮದ ಕೆಳಗೆ, ಬೆರಳಿನಿಂದ ಸವರಿದರೆ ಅಂಚು ಸಿಗುವಷ್ಟು ಮೇಲಕ್ಕೆ ಇದೆ. ಕತ್ತಲಲ್ಲಿ ಮಂಚದ ಅಂಚಿಗೆ ಕಣಕಾಲು ತಾಗಿದಾಗ ಜೀವ ಹೋದಂತಾಗುವುದು ಈ ಕಾರಣಕ್ಕೇ. ಹಿಂಬದಿಯಲ್ಲಿ ಮೀನಖಂಡದ ತುಂಬು ಮಾಂಸವಿದೆಯಾದರೂ ಅದು ಕೆಳಗಿಳಿದಂತೆ ಸಣ್ಣಗಾಗುತ್ತ ಬಂದು, ಗಿಣ್ಣಿನ ಹತ್ತಿರ ಬರಿಯ ಸ್ನಾಯುರಜ್ಜುಗಳಾಗಿ, ಅಂದರೆ ಮಾಂಸವನ್ನು ಮೂಳೆಗೆ ಬಿಗಿಯುವ ಬಿಳಿಯ ಹುರಿಗಳಾಗಿ ಉಳಿಯುತ್ತದೆ. ಹೀಗಾಗಿ ಮೂಳೆ ಮುರಿದು ಅದರ ಮೇಲಿನ ಚರ್ಮವೂ ಹರಿದುಹೋಗುವ ಗಾಯಗಳು ಉದ್ದನೆಯ ಮೂಳೆಗಳ ಪೈಕಿ ಇಲ್ಲಿಯೇ ಹೆಚ್ಚು, ಹಾಗೆ ಹರಿದದ್ದನ್ನು ಮುಚ್ಚಲು ನೆರೆಯಲ್ಲಿ ಸಿಗುವ ಮಾಂಸ ಇಲ್ಲಿಯೇ ಕಡಿಮೆ.

ಇಂಥ ಗಾಯಗಳ ದೊಡ್ಡ ಮೂಲ ರಸ್ತೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳು ನಡೆದು 1,68,491 ಮಂದಿ ಸತ್ತರು, 4,43,366 ಮಂದಿ ಗಾಯಗೊಂಡರು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಸತ್ತವರಲ್ಲಿ ನೂರಕ್ಕೆ 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು. ಬೈಕಿನ ಸವಾರನ ತಲೆಗೆ ಹೆಲ್ಮೆಟ್ಟಾದರೂ ಉಂಟು, ಕಾಲಿಗೆ ಪ್ಯಾಂಟಿನ ಬಟ್ಟೆಯ ಹೊರತು ಬೇರೇನೂ ಇಲ್ಲ; ಕೆಳಗೆ ಬಿದ್ದವನ ಕಾಲಿನ ಮೇಲೆ ಬಸ್ಸಿನ ಅಥವಾ ಲಾರಿಯ ಚಕ್ರ ಹಾದುಹೋದರೆ, ಒಳಗಿನ ಮೂಳೆ ಚೂರಾಗುವುದು ಒಂದು ಕಡೆಯಾದರೆ, ತಿರುಗುವ ಚಕ್ರದ ಸೆಳೆತಕ್ಕೆ ಚರ್ಮವು ಕಾಲುಚೀಲ ಕಳಚಿದಂತೆ ಕೆಳಗಿನ ಮಾಂಸದಿಂದ ಬಿಡಿಸಿಕೊಂಡುಬಿಡುತ್ತದೆ. ಆ ಚರ್ಮವನ್ನು ಮೊದಲ ದಿನ ಸ್ವಸ್ಥಾನಕ್ಕೆ ಎಳೆದು ಹೊಲಿದರೆ ನೋಡುವವರಿಗೆ ಗಾಯ ಮುಚ್ಚಿತೆಂದೇ ಅನಿಸುತ್ತದೆ, ಆದರೆ ಅದಕ್ಕೆ ರಕ್ತ ತರುತ್ತಿದ್ದ ಸಣ್ಣ ನಾಳಗಳೆಲ್ಲ ಹರಿದಿರುವುದರಿಂದ ನಾಲ್ಕಾರು ದಿನಗಳಲ್ಲಿ ಅದು ಕಪ್ಪಾಗಿ, ಒಣಗಿದ ತೊಗಲಿನಂತೆ ಗಟ್ಟಿಯಾಗುತ್ತದೆ.

ಮೂಳೆ ಮುರಿದು ಹೊರಗಿನ ಗಾಳಿಗೆ ತೆರೆದುಕೊಂಡ ಗಾಯಗಳನ್ನು ಅವುಗಳ ತೀವ್ರತೆಗೆ ತಕ್ಕಂತೆ ವಿಂಗಡಿಸಲು ಜಗತ್ತಿನ ಹೆಚ್ಚಿನ ಆಸ್ಪತ್ರೆಗಳು ಬಳಸುವುದು ರಮೋನ್ ಗಸ್ಟಿಲೊ ಮತ್ತು ಆ್ಯಂಡರ್ಸನ್ ಎಂಬ ವೈದ್ಯರು 1976ರಲ್ಲಿ ಪ್ರಕಟಿಸಿ, 1984ರಲ್ಲಿ ಗಸ್ಟಿಲೊ ಮತ್ತವರ ಸಂಗಡಿಗರು ವಿಸ್ತರಿಸಿದ ವರ್ಗೀಕರಣವನ್ನು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ಶುದ್ಧವಾದ ಗಾಯ ಒಂದನೆಯ ದರ್ಜೆಯದಾದರೆ, ಹತ್ತು ಸೆಂಟಿಮೀಟರಿಗೂ ಮಿಕ್ಕಿ ಹರಿದು ಮಾಂಸ ಜಜ್ಜಿಹೋದದ್ದು ಮೂರನೆಯ ದರ್ಜೆಯದು. ಮೂರನೆಯದರಲ್ಲಿಯೇ ‘ಬಿ’ ಎಂಬ ಒಳಭೇದವೊಂದಿದ್ದು, ಚರ್ಮವನ್ನು ಎಳೆದು ಹೊಲಿಯಲಾಗದೆ ಬೇರೆಡೆಯ ಮಾಂಸ ತಂದು ಮುಚ್ಚಲೇಬೇಕಾದ ಗಾಯ ಎಂಬುದು ಅದರ ಅರ್ಥ. ‘ಸಿ’ ಎಂದರೆ ಪಾದಕ್ಕೆ ರಕ್ತ ಒಯ್ಯುವ ಧಮನಿಯೇ ಹರಿದು, ಅದನ್ನು ಕೂಡಿಸದಿದ್ದರೆ ಪಾದ ಉಳಿಯದೆಂಬ ಸ್ಥಿತಿ. ಆಸ್ಪತ್ರೆಯ ಚೀಟಿಯಲ್ಲಿ ‘ತ್ರೀ ಬಿ’ ಎಂದು ಬರೆದಿರುವುದನ್ನು ಕಂಡ ಮನೆಯವರು ಅದನ್ನು ವಾರ್ಡಿನ ಸಂಖ್ಯೆ ಎಂದುಕೊಳ್ಳುವುದುಂಟು, ಆದರೆ ಆ ಎರಡಕ್ಷರಗಳಲ್ಲಿ ಮುಂದಿನ ಆರು ತಿಂಗಳ ಅಥವಾ ಒಂದು ವರ್ಷದ ಬದುಕು ಅಡಗಿರುತ್ತದೆ.

ಬಯಲಾದ ಮೂಳೆಯನ್ನು ಹಾಗೆಯೇ ಬಿಟ್ಟು ದಿನವೂ ಡ್ರೆಸ್ಸಿಂಗ್ ಮಾಡುತ್ತಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಸಹಜ. ಮೂಳೆಯೆಂಬುದು ಕಲ್ಲಲ್ಲ, ಅದರ ಹೊರಮೈಯನ್ನು ಆವರಿಸಿದ ತೆಳ್ಳನೆಯ ಅಸ್ಥಿಪೊರೆಯಿಂದಲೂ ಸುತ್ತಲಿನ ಮಾಂಸದಿಂದಲೂ ಅದಕ್ಕೆ ರಕ್ತ ಬರುತ್ತದೆ, ಆ ರಕ್ತದಿಂದಲೇ ಮುರಿದ ತುದಿಗಳು ಕೂಡುತ್ತವೆ. ಪೊರೆ ಸುಲಿದು ಹೋಗಿ ಮೂಳೆ ಬಯಲಾದರೆ ಅದರ ಮೇಲ್ಪದರ ಒಣಗಿ ಸಾಯುತ್ತದೆ, ಸತ್ತ ಮೂಳೆಗೆ ರಕ್ತದ ಮೂಲಕ ಹೋಗಬೇಕಾದ ಆ್ಯಂಟಿಬಯಾಟಿಕ್ ತಲುಪುವುದಿಲ್ಲ, ಅಲ್ಲಿ ಸೇರಿಕೊಂಡ ರೋಗಾಣುಗಳು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಕೀವು ಸುರಿಸುತ್ತಲೇ ಇರುತ್ತವೆ. ಒಳಗೆ ಕೂಡಿಸಿದ ರಾಡು ಎಷ್ಟೇ ಒಳ್ಳೆಯದಾಗಿರಲಿ, ಮೇಲೆ ರಕ್ತ ಹರಿಯುವ ಹೊದಿಕೆಯಿಲ್ಲದಿದ್ದರೆ ಅದು ರೋಗಾಣುಗಳಿಗೆ ಇನ್ನೊಂದು ಮನೆಯಾಗುತ್ತದೆ ಅಷ್ಟೆ. ನಮ್ಮಲ್ಲಿ ಕಾಲು ಮುರಿದಾಗ ಎಲ್ಲರೂ ಮೊದಲು ಕೇಳುವುದು ‘ಮೂಳೆ ಕೂಡಿಸಿದರೇ?’ ಎಂದು, ಇಂಥ ಗಾಯಗಳಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು ‘ಮೇಲೆ ಏನು ಮುಚ್ಚುತ್ತಾರೆ, ಎಂದು ಮುಚ್ಚುತ್ತಾರೆ?’ ಎಂಬುದನ್ನು.

ಮುಚ್ಚುವ ಬಗೆಗಳಲ್ಲಿ ಜನರಿಗೆ ಪರಿಚಿತವಾದದ್ದು ಚರ್ಮ ಕಸಿ. ತೊಡೆಯಿಂದ ಕಾಗದದಷ್ಟು ತೆಳುವಾಗಿ ಹೆರೆದು ತೆಗೆದ ಚರ್ಮದ ಪದರವನ್ನು ಗಾಯದ ಮೇಲೆ ಹಾಸುವುದೇ ಅದು. ಆ ಪದರಕ್ಕೆ ತನ್ನದೇ ಆದ ರಕ್ತನಾಳದ ಸಂಪರ್ಕವಿಲ್ಲ. ಗದ್ದೆಯಲ್ಲಿ ನೆಟ್ಟ ಪೈರು ಹೊಸ ಮಣ್ಣಿನ ನೀರನ್ನು ಹೀರಿ ಬೇರು ಬಿಡುವಂತೆ, ಅದು ಮೊದಲ ಒಂದೆರಡು ದಿನ ಕೆಳಗಿನ ಹಸಿ ಮಾಂಸದ ದ್ರವವನ್ನು ಹೀರಿ ಬದುಕಿ, ಆಮೇಲೆ ಅಲ್ಲಿಂದ ಮೇಲೆದ್ದು ಬರುವ ಹೊಸ ನಾಳಗಳನ್ನು ನೆಚ್ಚಿಕೊಳ್ಳುತ್ತದೆ. ಪೊರೆ ಕಳೆದುಕೊಂಡ ಮೂಳೆಯ ಮೇಲೋ ಬರಿಯ ಸ್ನಾಯುರಜ್ಜುವಿನ ಮೇಲೋ ಲೋಹದ ಪಟ್ಟಿಯ ಮೇಲೋ ಅದನ್ನು ಹಾಸುವುದೆಂದರೆ ಬಂಡೆಯ ಮೇಲೆ ನಾಟಿ ಮಾಡಿದಂತೆ. ಫ್ಲ್ಯಾಪ್ ಎಂಬುದು ಇದಕ್ಕಿಂತ ಭಿನ್ನ. ಚರ್ಮ, ಅದರ ಕೆಳಗಿನ ಕೊಬ್ಬು, ಬೇಕಾದರೆ ಮಾಂಸ ಅಥವಾ ಮೂಳೆಯನ್ನೂ ಸೇರಿಸಿ, ಅವುಗಳಿಗೆ ರಕ್ತ ತರುವ ಧಮನಿ ಮತ್ತು ರಕ್ತ ಹಿಂದಕ್ಕೊಯ್ಯುವ ಸಿರೆಯ ಸಮೇತ ಎತ್ತಿ, ಗಾಯದ ಜಾಗಕ್ಕೆ ತಂದು ಕೂಡಿಸುವ ಜೀವಂತ ಅಂಗಾಂಶದ ತುಂಡಿಗೆ ಆ ಹೆಸರು. ಪೈರಿನ ಹೋಲಿಕೆಯನ್ನೇ ಮುಂದುವರಿಸುವುದಾದರೆ, ಇದು ಮಣ್ಣಿನ ಹೆಂಟೆಯನ್ನೂ ಕಾಲುವೆಯನ್ನೂ ಜೊತೆಗೇ ತರುವ ಬೆಳೆ. ಬಂಡೆಯ ಮೇಲಿಟ್ಟರೂ ತನ್ನ ನೀರಿನಲ್ಲಿ ತಾನು ಬದುಕುವುದಲ್ಲದೆ ಕೆಳಗಿನ ಬಂಡೆಗೂ ಒಂದಿಷ್ಟು ತೇವ ಕೊಡುತ್ತದೆ.

ಈ ಉಪಾಯದ ಹುಟ್ಟು ಕಾಲಿನಲ್ಲಲ್ಲ, ಮೂಗಿನಲ್ಲಿ. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ, ಅದರ ಬುಡ ಕಡಿಯದಂತೆ ಎತ್ತಿ ಕಟ್ಟುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಹಣೆಯ ಚರ್ಮವನ್ನು ಬಳಸುವ ಕ್ರಮ ನಮ್ಮ ದೇಶದ ಕೆಲವು ಕಸುಬುದಾರ ಮನೆತನಗಳಲ್ಲಿ ಉಳಿದು ಬಂದಿತ್ತು. ಯುರೋಪು ಅದನ್ನು ವಿವರವಾಗಿ ಅರಿತದ್ದರ ಹಿಂದೆ ಮೈಸೂರಿನ ಯುದ್ಧದ ನೆರಳಿದೆ: 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ರೈತ ಟಿಪ್ಪು ಸುಲ್ತಾನನ ಕಡೆಯವರ ಕೈಗೆ ಸಿಕ್ಕಿ ಮೂಗು ಮತ್ತು ಒಂದು ಕೈ ಕಳೆದುಕೊಂಡಿದ್ದನೆಂದೂ, ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದನೆಂದೂ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಚಿತ್ರ ಸಹಿತ ಪ್ರಕಟಿಸಿತು. ಬುಡದಲ್ಲಿ ರಕ್ತನಾಳವನ್ನು ಉಳಿಸಿಕೊಂಡು ಚರ್ಮವನ್ನು ತಿರುಗಿಸಿ ಕೂರಿಸುವ ಆ ತತ್ತ್ವವೇ ಇಂದು ಕಾಲಿನ ಗಾಯಗಳಿಗೂ ಆಧಾರ. ಈ ಕೆಲಸಕ್ಕಿರುವ ‘ಪ್ಲಾಸ್ಟಿಕ್ ಸರ್ಜರಿ’ ಎಂಬ ಹೆಸರು ಕೇಳಿದೊಡನೆ ಸೌಂದರ್ಯ ಚಿಕಿತ್ಸೆಯೆಂದೋ, ಇನ್ನೂ ಮುಗ್ಧರಾದವರು ಕಾಲೊಳಗೆ ಪ್ಲಾಸ್ಟಿಕ್ ಇಡುತ್ತಾರೆಂದೋ ತಿಳಿಯುವುದುಂಟು. ಆ ಶಬ್ದದ ಗ್ರೀಕ್ ಮೂಲಕ್ಕೆ ಆಕಾರ ಕೊಡುವುದು ಎಂದಷ್ಟೇ ಅರ್ಥ.

ಕಾಲಿನ ಮಟ್ಟಿಗೆ ಬಹುಕಾಲ ಇದ್ದ ದಾರಿ ಇನ್ನೊಂದು ಕಾಲಿನ ಸಾಲ. 1854ರಲ್ಲಿ ಅಮೆರಿಕದ ಫ್ರ್ಯಾಂಕ್ ಹ್ಯಾಮಿಲ್ಟನ್ ಮಾಡಿ ತೋರಿಸಿದ ಈ ವಿಧಾನದಲ್ಲಿ ಒಳ್ಳೆಯ ಕಾಲಿನ ಮೀನಖಂಡದ ಚರ್ಮವನ್ನು ಒಂದು ಬದಿಯಲ್ಲಿ ಬುಡ ಬಿಟ್ಟು ಎತ್ತಿ, ಗಾಯದ ಕಾಲನ್ನು ಅದರ ಮೇಲೆ ತಂದು ಹೊಲಿದು, ಎರಡು ಕಾಲುಗಳನ್ನೂ ಸುಮಾರು ಮೂರು ವಾರ ಒಂದಕ್ಕೊಂದು ಕಟ್ಟಿಹಾಕಿ, ಗಾಯದ ಕಡೆಯಿಂದ ಹೊಸ ನಾಳಗಳು ಬೆಳೆದ ಮೇಲೆ ಬುಡವನ್ನು ಕತ್ತರಿಸಿ ಬಿಡಿಸುತ್ತಾರೆ. ಮಗ್ಗುಲು ಬದಲಿಸಲಾಗದೆ, ಶೌಚಕ್ಕೂ ಏಳಲಾಗದೆ ಮಲಗಿರುವ ಆ ಮೂರು ವಾರಗಳ ಕಷ್ಟ ಸಾಮಾನ್ಯವಾದದ್ದಲ್ಲ. ಆದರೂ ಬೇರೆ ದಾರಿಯಿಲ್ಲದ ಕಡೆ ಇದು ಇಂದಿಗೂ ಕಾಲು ಉಳಿಸುತ್ತಿದೆ. 1981ರಲ್ಲಿ ಸ್ವೀಡನ್ನಿನ ಬೆಂಗ್ಟ್ ಪೊಂಟೆನ್ ಚರ್ಮದ ಜೊತೆಗೆ ಅದರಡಿಯ ಗಟ್ಟಿ ಪೊರೆಯನ್ನೂ ಸೇರಿಸಿ ಎತ್ತಿದರೆ ಕಾಲಿನಲ್ಲಿಯೂ ಉದ್ದನೆಯ ಫ್ಲ್ಯಾಪ್ ಬದುಕುತ್ತದೆಂದು ತೋರಿಸಿಕೊಟ್ಟ ಮೇಲೆ ನೆರೆಯ ಚರ್ಮವನ್ನೇ ಬಳಸುವ ಬಗೆಗಳು ಬೆಳೆದವು.

ಯಾವ ಫ್ಲ್ಯಾಪ್ ಬೇಕೆಂಬ ಆಯ್ಕೆಗೆ ಮುನ್ನ ಗಾಯ ಶುದ್ಧಿಯಾಗಬೇಕು. ಡಿಬ್ರೈಡ್‌ಮೆಂಟ್ ಎಂದು ಕರೆಯುವ ಈ ಕೆಲಸದಲ್ಲಿ ಮಣ್ಣು, ಟಾರಿನ ಚೂರು, ಬಟ್ಟೆಯ ಎಳೆ ತೆಗೆಯುವುದು ಸಣ್ಣ ಪಾಲು. ಸತ್ತ ಮಾಂಸವನ್ನೂ ಹಿಡಿತ ಕಳಚಿಕೊಂಡ ಮೂಳೆಯ ಚೂರುಗಳನ್ನೂ ಮುಲಾಜಿಲ್ಲದೆ ಕತ್ತರಿಸಿ ತೆಗೆಯುವುದು ದೊಡ್ಡ ಪಾಲು. ಮಾಂಸ ಬದುಕಿದೆಯೇ ಎಂದು ತಿಳಿಯಲು ನಾಲ್ಕು ಗುರುತುಗಳನ್ನು ನೋಡುತ್ತಾರೆ: ಬಣ್ಣ ಕೆಂಪಾಗಿದೆಯೇ, ಇಕ್ಕಳದಿಂದ ಹಿಡಿದರೆ ಮುದ್ದೆಯಾಗದೆ ನಿಲ್ಲುತ್ತದೆಯೇ, ಚಿವುಟಿದರೆ ಕುಗ್ಗುತ್ತದೆಯೇ, ಕತ್ತರಿಸಿದರೆ ರಕ್ತ ಜಿನುಗುತ್ತದೆಯೇ. ತೊಳೆಯಲು ಸಾದಾ ಲವಣಜಲ ಸಾಕು. 2015ರಲ್ಲಿ ಪ್ರಕಟವಾದ, ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಸೋಪಿನ ದ್ರಾವಣಕ್ಕಿಂತ ಲವಣಜಲದಿಂದ ತೊಳೆದವರಿಗೇ ಮರು ಶಸ್ತ್ರಚಿಕಿತ್ಸೆ ಕಡಿಮೆ ಬೇಕಾಯಿತು, ನೀರನ್ನು ರಭಸದಿಂದ ಹಾಯಿಸಿದರೂ ನಿಧಾನವಾಗಿ ಹಾಯಿಸಿದರೂ ಫಲದಲ್ಲಿ ಗಣನೀಯ ಭೇದ ಕಾಣಲಿಲ್ಲ. ಅಪಘಾತದ ಸ್ಥಳದಲ್ಲಿ ಗಾಯಕ್ಕೆ ಅರಿಸಿನವನ್ನೋ ಕಾಫಿಪುಡಿಯನ್ನೋ ಮೆತ್ತುವ ಒಳ್ಳೆಯ ಮನಸ್ಸಿನವರು ಈ ಶುದ್ಧಿಯ ಕೆಲಸವನ್ನು ಅರ್ಧ ಗಂಟೆ ಹೆಚ್ಚಿಸುತ್ತಾರೆ. ಶುಭ್ರವಾದ ಬಟ್ಟೆಯೊಂದನ್ನು ಸುತ್ತಿ, ಕಾಲು ಅಲುಗದಂತೆ ಹಿಡಿದು ಕರೆತಂದರೆ ಅದೇ ದೊಡ್ಡ ಉಪಕಾರ. ಶುದ್ಧಿಯಾದೊಡನೆ ಮೂಳೆಯನ್ನು ಒಳಗಿನ ರಾಡಿನಿಂದಲೋ, ಚರ್ಮದ ಹೊರಗೆ ನಿಲ್ಲುವ ಚೌಕಟ್ಟಿನಿಂದಲೋ ನಿಲ್ಲಿಸುತ್ತಾರೆ.

ಶಸ್ತ್ರವೈದ್ಯರು ಕಣಕಾಲನ್ನು ಮೂರು ಪಾಲಾಗಿ ನೋಡುತ್ತಾರೆ. ಮೇಲಿನ ಪಾಲಿನ ಗಾಯಕ್ಕೆ ಮೀನಖಂಡದ ಹೊರಮಾಂಸವಾದ ಗ್ಯಾಸ್ಟ್ರಾಕ್ನೀಮಿಯಸ್‌ನ ಎರಡು ಭಾಗಗಳಲ್ಲಿ ಒಂದನ್ನು, ಹೆಚ್ಚಾಗಿ ಒಳಮಗ್ಗುಲಿನದನ್ನು, ಕೆಳತುದಿಯಲ್ಲಿ ಬಿಡಿಸಿ ಮುಂದಕ್ಕೆ ಹೊರಳಿಸುತ್ತಾರೆ. ಅದರ ರಕ್ತನಾಳ ಮೊಣಕಾಲಿನ ಹಿಂಬದಿಯಲ್ಲಿರುವುದರಿಂದ ಕೆಳತುದಿ ಎಲ್ಲಿ ಹೋದರೂ ಅದು ಬದುಕುತ್ತದೆ, ಉಳಿದರ್ಧ ಮಾಂಸ ನಡಿಗೆಗೆ ಸಾಕಾಗುತ್ತದೆ. ನಡುವಿನ ಪಾಲಿಗೆ ಅದರಡಿಯ ಸೋಲಿಯಸ್ ಮಾಂಸ ಒದಗುತ್ತದೆ. ತೊಡಕು ಇರುವುದು ಕೆಳಗಿನ ಮೂರನೆಯ ಪಾಲಿನಲ್ಲಿ, ಅಲ್ಲಿ ಹೊರಳಿಸಲು ಮಾಂಸವೇ ಇಲ್ಲ. ಚಿಕ್ಕ ಗಾಯವಾದರೆ ಹಿಂಬದಿಯ ಚರ್ಮವನ್ನು ಸೂರಲ್ ನರದ ಜಾಡಿನ ಸಣ್ಣ ನಾಳಗಳ ಮೇಲೆ ತಲೆಕೆಳಗಾಗಿ ತಿರುಗಿಸಿ ತರುವ, 1992ರಲ್ಲಿ ಫ್ರಾನ್ಸಿನ ಮಾಸ್ಕಲೆ ಮತ್ತು ಸಂಗಡಿಗರು ವಿವರಿಸಿದ ಫ್ಲ್ಯಾಪ್ ಉಂಟು. ಸೂಕ್ಷ್ಮದರ್ಶಕದ ಸೌಕರ್ಯವಿಲ್ಲದ ಆಸ್ಪತ್ರೆಗಳಲ್ಲಿಯೂ ಮಾಡಬಹುದಾದ್ದರಿಂದ ಭಾರತದಲ್ಲಿ ಇದಕ್ಕೆ ಬಹಳ ಬಳಕೆ. ಗಾಯ ದೊಡ್ಡದಾದರೆ, ಸುತ್ತಲಿನ ಚರ್ಮವೂ ಜಜ್ಜಿಹೋಗಿದ್ದರೆ, ದೂರದಿಂದ ಮಾಂಸವನ್ನು ಪೂರ್ತಿ ಬಿಡಿಸಿ ತರಬೇಕಾಗುತ್ತದೆ. ಇದೇ ಫ್ರೀ ಫ್ಲ್ಯಾಪ್.

1973ರಲ್ಲಿ ಮೆಲ್ಬರ್ನಿನಲ್ಲಿ ರೋಲಿನ್ ಡೇನಿಯಲ್ ಮತ್ತು ಇಯಾನ್ ಟೇಲರ್ ತೊಡೆಸಂದಿಯ ಚರ್ಮವನ್ನು ನಾಳಗಳ ಸಮೇತ ಬಿಡಿಸಿ ಗಾಯಗೊಂಡ ಕಾಲಿಗೆ ಕೂಡಿಸಿದ್ದನ್ನು ವರದಿ ಮಾಡಿದಾಗಿನಿಂದ ಈ ಶಸ್ತ್ರಚಿಕಿತ್ಸೆಯ ಇತಿಹಾಸ ಕಾಲಿನ ಗಾಯದೊಂದಿಗೇ ಬೆಳೆದಿದೆ. ಇಂದು ಬೆನ್ನಿನ ಅಗಲವಾದ ಲ್ಯಾಟಿಸಿಮಸ್ ಡಾರ್ಸೈ ಮಾಂಸ, ಒಳತೊಡೆಯ ಪಟ್ಟಿಯಂಥ ಗ್ರ್ಯಾಸಿಲಿಸ್ ಮಾಂಸ, ಹೊರತೊಡೆಯ ಚರ್ಮ ಮತ್ತು ಕೊಬ್ಬು ಇವೇ ಹೆಚ್ಚಾಗಿ ಬಳಕೆಯಲ್ಲಿವೆ. ಶಸ್ತ್ರಚಿಕಿತ್ಸೆ ಆರರಿಂದ ಎಂಟು ಗಂಟೆ ಹಿಡಿಯುವುದು ಅಪರೂಪವಲ್ಲ. ಒಂದು ತಂಡ ತೊಡೆಯಲ್ಲಿ ಫ್ಲ್ಯಾಪ್ ಎತ್ತುತ್ತಿರುವಾಗ ಇನ್ನೊಂದು ತಂಡ ಕಾಲಿನಲ್ಲಿ ಅದನ್ನು ಕೂಡಿಸಬಲ್ಲ ಧಮನಿ ಮತ್ತು ಸಿರೆಗಳನ್ನು, ಪೆಟ್ಟು ತಟ್ಟಿದ ಜಾಗದಿಂದ ಸಾಕಷ್ಟು ಆಚೆಗೆ, ಹುಡುಕಿ ಬಿಡಿಸುತ್ತಿರುತ್ತದೆ. ಎರಡು ಮೂರು ಮಿಲಿಮೀಟರ್ ವ್ಯಾಸದ ಆ ನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ, ತಲೆಗೂದಲಿಗಿಂತ ತೆಳುವಾದ ನೈಲಾನ್ ದಾರದಿಂದ, ಬಳೆಯ ಸುತ್ತ ಮಣಿ ಪೋಣಿಸಿದಂತೆ ಒಂದೊಂದೇ ಗಂಟು ಹಾಕಿ ಹೊಲಿಯುತ್ತಾರೆ. ದಾರ ಗಾಳಿಗೆ ತೇಲದಂತೆ ಆಗಾಗ ಹನಿ ನೀರು ಹಾಯಿಸುತ್ತಿರಬೇಕು, ಉಸಿರು ಬಿಟ್ಟಾಗ ಕೈ ಅಲುಗದಂತೆ ಮಣಿಕಟ್ಟಿಗೆ ಆಸರೆ ಇರಬೇಕು. ಎಲ್ಲ ಹೊಲಿಗೆ ಮುಗಿದು ನಾಳದ ಕ್ಲಿಪ್ಪುಗಳನ್ನು ತೆಗೆದ ಮೇಲಿನ ಒಂದೆರಡು ನಿಮಿಷಗಳಲ್ಲಿ, ಅದುವರೆಗೆ ಬಿಳಿಚಿಕೊಂಡಿದ್ದ ಆ ತುಂಡು ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಸಿರೆ ತುಂಬಿ ಉಬ್ಬುತ್ತದೆ, ಕೊಯ್ದ ಅಂಚುಗಳಲ್ಲಿ ಕೆಂಪು ರಕ್ತ ಜಿನುಗುತ್ತದೆ. ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ರಕ್ತ ಕಂಡರೆ ಒರೆಸುವ ಅವಸರವಾದರೆ, ಇಲ್ಲಿ ಎಲ್ಲರೂ ಅದನ್ನೇ ಕಾಯುತ್ತ ನಿಂತಿರುತ್ತಾರೆ.

ಅಲ್ಲಿಂದಾಚೆಗೆ ಕೆಲಸ ದಾದಿಯರ ಕಣ್ಣಿನದು. ಮೊದಲ ಒಂದೆರಡು ದಿನ ಗಂಟೆಗೊಮ್ಮೆ ಫ್ಲ್ಯಾಪಿನ ಬಣ್ಣ, ಬಿಸುಪು, ಮೃದುತ್ವ ನೋಡಿ ಬರೆದಿಡುತ್ತಾರೆ. ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗಕ್ಕೆ ಎರಡು ಮೂರು ಸೆಕೆಂಡುಗಳಲ್ಲಿ ಬಣ್ಣ ಮರಳಬೇಕು. ಮರಳದೆ ಬಿಳುಪಾಗಿ ತಣ್ಣಗಾದರೆ ರಕ್ತ ಬರುವ ಧಮನಿ ಕಟ್ಟಿದೆ ಎಂದೂ, ಒತ್ತಿ ಬಿಟ್ಟೊಡನೆ ಬಣ್ಣ ತೀರ ಬೇಗ ತುಂಬಿ ಇಡೀ ಫ್ಲ್ಯಾಪ್ ನೀಲಿಗಟ್ಟಿ ಬಿಗಿದರೆ ರಕ್ತ ಹೋಗುವ ಸಿರೆ ಕಟ್ಟಿದೆ ಎಂದೂ ಅರ್ಥ. ಎರಡರಲ್ಲಿ ಯಾವುದೇ ಆದರೂ, ನಡುರಾತ್ರಿಯಾಗಿದ್ದರೂ ರೋಗಿಯನ್ನು ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ಯಬೇಕು, ಏಕೆಂದರೆ ಗಂಟೆಗಳ ವಿಳಂಬದಲ್ಲಿ ಮಾಂಸ ಮರಳಿ ಬಾರದಂತೆ ಸಾಯುತ್ತದೆ. ಸಿರೆ ಕಟ್ಟಿದ ಫ್ಲ್ಯಾಪಿನ ರಕ್ತ ಇಳಿಸಲು ಜಿಗಣೆ ಹಚ್ಚುವ ಹಳೆಯ ವಿದ್ಯೆ ಆಧುನಿಕ ಆಸ್ಪತ್ರೆಗಳಲ್ಲಿ ಉಳಿದುಕೊಂಡಿರುವುದು ಮುಖ್ಯವಾಗಿ ಇಂಥ ಸಂದರ್ಭಗಳಲ್ಲಿ ಎನ್ನಬಹುದು. ಅನುಭವಿ ಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಫ್ರೀ ಫ್ಲ್ಯಾಪುಗಳು ಉಳಿಯುತ್ತವೆ. ಇಷ್ಟೆಲ್ಲ ಆದ ಮೇಲೆ ಸಂದರ್ಶಕರ ವೇಳೆಯಲ್ಲಿ ಬಂದ ಗೆಳೆಯ ಮರೆಯಲ್ಲಿ ಕೊಟ್ಟ ಬೀಡಿ, ತನ್ನ ನಿಕೋಟಿನ್‌ನಿಂದ ಸಣ್ಣ ನಾಳಗಳನ್ನು ಕುಗ್ಗಿಸಿ, ಎಂಟು ಗಂಟೆಯ ದುಡಿಮೆಯನ್ನು ಅಪಾಯಕ್ಕೆ ತಳ್ಳಬಲ್ಲದು.

ಈ ಚಿಕಿತ್ಸೆಯಲ್ಲಿ ಕೈಚಳಕಕ್ಕಿಂತ ಹೆಚ್ಚು ನಿರ್ಣಾಯಕವಾದದ್ದು ಗಡಿಯಾರ ಎಂಬುದನ್ನು ಅಂಕಿಗಳಲ್ಲಿ ತೋರಿಸಿದವರು ಆಗಿನ ಯುಗೊಸ್ಲಾವಿಯದ ಲುಬ್ಲಿಯಾನಾದ ಮಾರ್ಕೊ ಗೊಡಿನಾ. 532 ರೋಗಿಗಳ ಮೇಲಿನ ಅವರ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಪೆಟ್ಟಾದ 72 ಗಂಟೆಗಳೊಳಗೆ ಫ್ರೀ ಫ್ಲ್ಯಾಪ್ ಮಾಡಿದವರಲ್ಲಿ ಅದು ವಿಫಲವಾದದ್ದು ನೂರಕ್ಕೆ 0.75ರಷ್ಟು, ಸೋಂಕು ತಗಲಿದ್ದು 1.5ರಷ್ಟು, ಮೂರು ದಿನ ಕಳೆದು ಮೂರು ತಿಂಗಳೊಳಗೆ ಮಾಡಿದವರಲ್ಲಿ ಅವು ಕ್ರಮವಾಗಿ 12 ಮತ್ತು 17.5. ಬಾವು ಬಂದು, ನಾಳಗಳು ಗಂಟುಗಂಟಾಗಿ ಅಂಟಿಕೊಂಡು, ರೋಗಾಣುಗಳು ಬೇರೂರಿದ ಮೇಲೆ ಅದೇ ಕೈ, ಅದೇ ದಾರ ಬೇರೆ ಫಲ ಕೊಡುತ್ತವೆ. ಅಪಘಾತದ ಗಾಯಗಳಿಗೆ ಬದುಕು ಮೀಸಲಿಟ್ಟಿದ್ದ ಗೊಡಿನಾ ಅದೇ 1986ರಲ್ಲಿ, ಇನ್ನೂ ನಡುವಯಸ್ಸಿನಲ್ಲಿರುವಾಗಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇಂದು ಬ್ರಿಟನ್ನಿನ ಮಾರ್ಗಸೂಚಿ ಮೊದಲ ಶುದ್ಧಿಯ ವೇಳೆಗೇ ಮೂಳೆ ವೈದ್ಯರೂ ಪ್ಲಾಸ್ಟಿಕ್ ಸರ್ಜನ್ನರೂ ಒಟ್ಟಿಗೆ ಇರಬೇಕೆಂದೂ, ಗಾಯ 72 ಗಂಟೆಗಳೊಳಗೆ ಮುಚ್ಚಬೇಕೆಂದೂ ಹೇಳುತ್ತದೆ.

ನಮ್ಮಲ್ಲಿ ಆ ಗಡಿಯಾರ ಬೇರೆ ರೀತಿ ಓಡುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕಟ್ಟು, ಜಿಲ್ಲಾ ಕೇಂದ್ರದಲ್ಲಿ ಹೊರಗಿನ ರಾಡು, ಕೀವು ಕಂಡ ಮೇಲೆ ಬೆಂಗಳೂರಿಗೋ ಹುಬ್ಬಳ್ಳಿಗೋ ಪಯಣ ಎಂಬ ಮೆಟ್ಟಿಲುಗಳಲ್ಲಿ ವಾರಗಳು ಕಳೆಯುತ್ತವೆ. ಪ್ಲಾಸ್ಟಿಕ್ ಸರ್ಜನ್ ಗಾಯವನ್ನು ಮೊದಲ ಸಲ ನೋಡುವುದು ಮೂಳೆ ಹಳದಿಗಟ್ಟಿದ ಮೇಲೆ. ಈ ನಡುವಿನ ಕಾಲವನ್ನು ತುಂಬಲು ಸ್ಪಂಜಿನ ಮೇಲೆ ಗಾಳಿಯಾಡದ ಹಾಳೆ ಹೊದಿಸಿ ಯಂತ್ರದಿಂದ ಹೀರುವ, ‘ವ್ಯಾಕ್’ ಎಂದು ಹೆಸರಾದ ಡ್ರೆಸ್ಸಿಂಗನ್ನು ಬಳಸುತ್ತಾರೆ. ಅದು ಗಾಯದ ದ್ರವವನ್ನು ಎಳೆದು ತಾತ್ಕಾಲಿಕ ನೆರವು ಕೊಡುವುದು ನಿಜ, ಆದರೆ ಫ್ಲ್ಯಾಪಿಗೆ ಅದು ಬದಲಿಯಲ್ಲ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ತೀವ್ರವಾದ ತೆರೆದ ಮುರಿತಗಳಿದ್ದ 460 ಮಂದಿಯಲ್ಲಿ ಈ ಯಂತ್ರ ಬಳಸಿದವರಿಗೂ ಸಾಮಾನ್ಯ ಡ್ರೆಸ್ಸಿಂಗ್ ಹಾಕಿಸಿಕೊಂಡವರಿಗೂ ವರ್ಷದ ಕೊನೆಯಲ್ಲಿ ಅಂಗವೈಕಲ್ಯದ ಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಗದುರಹಿತ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಗಾಯ ಮುಚ್ಚಬೇಕಾದ ಅವಧಿಯೂ ಆ ಏಳು ದಿನಗಳೊಳಗೇ ಬರುವುದರಿಂದ, ಗಾಯಾಳು ಮೊದಲ ದಿನವೇ ಸರಿಯಾದ ಬಾಗಿಲು ಸೇರಿದರೆ ಆ ಹಣ ನಿಜವಾದ ಕೆಲಸಕ್ಕೆ ಒದಗುತ್ತದೆ, ಮೂರನೆಯ ಆಸ್ಪತ್ರೆಯನ್ನು ಹತ್ತನೆಯ ದಿನ ಸೇರಿದವನಿಗೆ ಅದು ಆಗಲೇ ಮುಗಿದಿರುತ್ತದೆ.

ಎಲ್ಲ ಕಾಲುಗಳನ್ನೂ ಉಳಿಸಬೇಕೆಂಬ ಹಟವೂ ಸರಿಯಲ್ಲ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್, ಎಸ್. ರಾಜಾ ಸಭಾಪತಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಂಕಪದ್ಧತಿ ಈ ನಿರ್ಧಾರಕ್ಕೆ ನೆರವಾಗಲೆಂದೇ ಹುಟ್ಟಿದ್ದು: ಚರ್ಮಕ್ಕೆ, ಮೂಳೆಗೆ, ಮಾಂಸ ಮತ್ತು ನರಗಳಿಗೆ ಆದ ಹಾನಿಗೆ ಒಂದರಿಂದ ಐದರವರೆಗೆ ಬೇರೆ ಬೇರೆಯಾಗಿ ಅಂಕ ಕೊಟ್ಟು, ವಯಸ್ಸು, ಮಧುಮೇಹ, ತಡವಾಗಿ ಬಂದದ್ದು ಮೊದಲಾದವುಗಳಿಗೆ ಎರಡೆರಡು ಸೇರಿಸಿ ಕೂಡಿದಾಗ, ಮೊತ್ತ 14 ಅಥವಾ ಕಡಿಮೆಯಾದರೆ ಉಳಿಸುವ ಕಡೆಗೂ, 17 ಅಥವಾ ಹೆಚ್ಚಾದರೆ ಕತ್ತರಿಸುವ ಕಡೆಗೂ ವಾಲಬೇಕೆಂದು ಅದು ಸೂಚಿಸುತ್ತದೆ, ನಡುವಿನದು ಅನುಭವಕ್ಕೆ ಬಿಟ್ಟದ್ದು. ಅಮೆರಿಕದ ಎಂಟು ಕೇಂದ್ರಗಳಲ್ಲಿ 569 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲು ಉಳಿಸಿಕೊಂಡವರ ಮತ್ತು ಕಳೆದುಕೊಂಡವರ ಬದುಕಿನ ಗುಣಮಟ್ಟ ಹೆಚ್ಚುಕಡಿಮೆ ಒಂದೇ ಆಗಿತ್ತು, ಎರಡೂ ಗುಂಪಿನವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ದುಡಿಮೆಗೆ ಮರಳಿದ್ದರು. ಆದರೆ ಆ ಫಲಿತಾಂಶವನ್ನು ಹಾಗೆಯೇ ಇಲ್ಲಿಗೆ ತರುವುದು ಸಲ್ಲದು. ಒಳ್ಳೆಯ ಕೃತಕ ಕಾಲು, ಅದನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸುವ ಹಣ, ಸಮನಾದ ನೆಲ ಇರುವ ಕಡೆಯ ಲೆಕ್ಕ ಒಂದು. ಕೆಸರುಗದ್ದೆಯಲ್ಲಿ ಇಳಿದು ದುಡಿಯುವ, ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಉಣ್ಣುವವರ ಲೆಕ್ಕ ಇನ್ನೊಂದು.

ಉಳಿದ ಕಾಲು ಮೊದಲಿನ ಕಾಲಾಗುವುದಿಲ್ಲ. ಮೂಳೆಯಲ್ಲಿ ಅಂತರ ಬಿದ್ದಿದ್ದರೆ ಕಾಲಿನ ಸುತ್ತ ಹೊರಗೆ ನಿಲ್ಲುವ ಇಲಿಜಾರೊವ್ ಬಳೆಗಳನ್ನು ತೊಡಿಸಿ ದಿನಕ್ಕೆ ಒಂದು ಮಿಲಿಮೀಟರಿನಂತೆ ಮೂಳೆ ಬೆಳೆಸುವ ತಿಂಗಳುಗಳು ಇನ್ನೂ ಮುಂದಿರುತ್ತವೆ. ಕಾಲು ಕೆಳಗೆ ಬಿಡುವುದನ್ನು ಮೊದಲ ವಾರದಲ್ಲಿ ಐದೈದು ನಿಮಿಷದಿಂದ ಶುರುಮಾಡಿ ದಿನದಿನಕ್ಕೆ ಹೆಚ್ಚಿಸಬೇಕು, ಇಲ್ಲವಾದರೆ ಹೊಸ ಸಿರೆಗಳು ರಕ್ತದ ಭಾರ ತಡೆಯುವುದಿಲ್ಲ. ಮಾಂಸದ ಫ್ಲ್ಯಾಪಾದರೆ ವರ್ಷದೊಳಗೆ ಸೊರಗಿ ಕಾಲಿನ ಆಕಾರಕ್ಕೆ ಒಗ್ಗುತ್ತದೆ. ಚರ್ಮ ಮತ್ತು ಕೊಬ್ಬಿನದಾದರೆ ಉಬ್ಬಿಕೊಂಡೇ ಇದ್ದು, ಗಿಣ್ಣಿನ ಬಳಿ ಶೂ ಏರದೆ, ಆಮೇಲೊಮ್ಮೆ ಕೊಬ್ಬು ತೆಗೆದು ತೆಳುಮಾಡಬೇಕಾಗುತ್ತದೆ. ಅಲ್ಲಿ ಸ್ಪರ್ಶ ಕಡಿಮೆಯಾದ್ದರಿಂದ ಬಿಸಿನೀರು ಹೊಯ್ದುಕೊಳ್ಳುವ ಮುನ್ನ ಕೈಯಿಂದ ನೋಡಿಕೊಳ್ಳುವ, ರಾತ್ರಿ ಮಲಗುವಾಗ ಚಪ್ಪಲಿಯ ಪಟ್ಟಿ ಕಚ್ಚಿದ ಗುರುತಿದೆಯೇ ಎಂದು ದೀಪದ ಬೆಳಕಿನಲ್ಲಿ ಪರೀಕ್ಷಿಸುವ ಅಭ್ಯಾಸ ಬೇಕು. ತೊಡೆಯಿಂದ ಬಂದ ಚರ್ಮದ ಮೇಲೆ ತೊಡೆಯ ಕೂದಲೇ ಬೆಳೆಯುತ್ತದೆ. ವರ್ಷಗಳ ನಂತರ ಗಾಯಾಳು ಮೈ ತುಂಬಿಕೊಂಡರೆ, ತೊಡೆ ದಪ್ಪವಾದಂತೆ ಕಣಕಾಲಿನ ಮೇಲಿನ ಆ ತೇಪೆಯೂ ತವರನ್ನು ಮರೆಯದೆ ದಪ್ಪವಾಗುತ್ತದೆ.